ಮಗುವಿನ ಮೊದಲ ಫೋನಿಗೆ ಬೀಗ ಬೇಕೇ?

ಪರ: ಬೀಗ ಹಾಕಿಯೇ ಕೈಗೆ ಕೊಡಿ
(ಒಬ್ಬ ತಾಯಿ, ನವನಗರ, ಬಾಗಲಕೋಟೆ)

ರಾತ್ರಿ ಎರಡು ಗಂಟೆ ಇರಬಹುದು, ನೀರು ಕುಡಿಯಲು ಎದ್ದೆ. ಮಗ ಮಲಗಿದ್ದ ಕಡೆ ಕೌದಿಯ ಒಳಗೆ ಬೆಳಕು. ನಮ್ಮ ಆಯಿ ಹಳೇ ಇಳಕಲ್ ಸೀರೆ ಸೇರಿಸಿ ಹೊಲಿದ ಕೌದಿ ಅದು. ಅಷ್ಟು ದಪ್ಪ ಇದ್ದರೂ ಸವೆದ ಕಡೆ ನೀಲಿ ಬೆಳಕು ಕಾಣುತ್ತಿತ್ತು. ಸರಿಸಿ ನೋಡಿದರೆ ಹನ್ನೆರಡು ವರ್ಷದ ಹುಡುಗ ಬೆವರಿನಲ್ಲಿ ತೊಯ್ದು ಗೇಮ್ ಆಡುತ್ತಿದ್ದ. ಫೋನ್ ಕೊಡಿಸಿ ಒಂಬತ್ತು ದಿನ ಆಗಿತ್ತು ಅಷ್ಟೇ.

ಬೆಳಿಗ್ಗೆ ಬ್ಯಾಂಕಿನ ಲೆಕ್ಕ ನೋಡಿದೆ. 3,400 ರೂಪಾಯಿ ಹೋಗಿತ್ತು. ಒಮ್ಮೆಲೇ ಅಲ್ಲ, 80, 160, 400 ಹೀಗೆ ಚೂರು ಚೂರಾಗಿ. ತಪ್ಪು ನನ್ನದೇ. ಹೊಸ ಫೋನಿಗೆ ನನ್ನ ಖಾತೆಯನ್ನೇ ಹಾಕಿ ಕೊಟ್ಟಿದ್ದೆ, ಕಾರ್ಡ್ ಅದರಲ್ಲೇ ಉಳಿದಿತ್ತು. ಬ್ಯಾಂಕಿಗೆ ಕೊಟ್ಟ ನಂಬರಿನ ಹಳೇ ಸಿಮ್ಮೂ ಅದೇ ಫೋನಿನಲ್ಲಿತ್ತು. ಓಟಿಪಿ ನೇರ ಅವನ ಕೈಗೇ ಬಂತು. ನಾನು ಮನೆಯಲ್ಲಿ ಹೊಲಿಗೆ ಹೊಲಿಯುವವಳು. 3,400 ಅಂದರೆ ಎಷ್ಟು ಜಂಪರ್ ಆಗುತ್ತವೆ ಅಂತ ನನಗೆ ಗೊತ್ತು.

ಬೈದೆ, ನಾನೂ ಅತ್ತುಬಿಟ್ಟೆ. ಆಮೇಲೆ ಕೂತು, ಮಗುವಿನ ಫೋನಿಗೆ ನಮ್ಮ ಫೋನಿನಿಂದಲೇ ಬೀಗ ಹಾಕುವ ಫ್ಯಾಮಿಲಿ ಲಿಂಕ್ ಹಾಕಿಕೊಂಡೆ. ಗೂಗಲ್‌ನ ಈ ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ. ಮಗನ ಹೆಸರಲ್ಲಿ, ಅವನ ಸರಿಯಾದ ಹುಟ್ಟಿದ ದಿನ ಕೊಟ್ಟು ಬೇರೆ ಖಾತೆ ತೆಗೆಯಬೇಕು. ಬಹಳ ಜನ ಇಲ್ಲೇ ವಯಸ್ಸು ಜಾಸ್ತಿ ಹಾಕಿಬಿಡುತ್ತಾರೆ, ಹಾಗೆ ಮಾಡಬೇಡಿ. 13ರೊಳಗಿನ ಮಗುವಿನ ಖಾತೆಯನ್ನು ತಂದೆ-ತಾಯಿಯೇ ನೋಡಿಕೊಳ್ಳುವ ಹಾಗೆ ಇರುತ್ತದೆ. ಈಗ ಅವನು ಹೊಸ ಆ್ಯಪ್ ಹಾಕಬೇಕೆಂದರೆ ಮೊದಲು ನನ್ನ ಫೋನಿಗೆ ಕೇಳಿಕೆ ಬರುತ್ತದೆ. ರಾತ್ರಿ 9ಕ್ಕೆ ಫೋನ್ ತಾನೇ ಲಾಕ್ ಆಗುತ್ತದೆ. ಆಗಲೂ ಕರೆ ಬಂದರೆ ಎತ್ತಬಹುದು. ಐಫೋನ್ ಇದ್ದವರಿಗೆ 2018ರಿಂದ ಇಂಥದ್ದೇ ಬೀಗ ಸ್ಕ್ರೀನ್ ಟೈಮ್ ಅಂತ ಅದರೊಳಗೇ ಇದೆ. ಸಿಮ್ ಮಾತ್ರ ಮರೆಯಬೇಡಿ, ಬ್ಯಾಂಕಿನ ನಂಬರ್ ನಿಮ್ಮ ಹತ್ತಿರವೇ ಇರಲಿ.

ಮಕ್ಕಳನ್ನು ನಂಬಿ, ಬುದ್ಧಿ ಹೇಳಿ ಸಾಕು ಅನ್ನುವವರು ಇದ್ದಾರೆ. ಅಂದರೆ ಬಾವಿಯ ಅಂಚಿನಲ್ಲಿ ಮಗುವನ್ನು ನಿಲ್ಲಿಸಿ, ಬಗ್ಗಬೇಡಪ್ಪಾ ಅಂತ ಹೇಳಿ ಒಳಗೆ ಹೋಗಬೇಕೇ? ಬಾವಿಗೆ ಕಟ್ಟೆ ಕಟ್ಟಿದರೆ ಯಾರೂ ಮಗುವಿನ ಮೇಲೆ ಅನುಮಾನ ಅನ್ನುವುದಿಲ್ಲ, ಅಲ್ವಾ? ಮಗನ ಮೆಸೇಜ್ ಓದುತ್ತೀರಾ ಅಂತಲೂ ಕೇಳುತ್ತಾರೆ. ಈ ಆ್ಯಪ್ ಮೆಸೇಜ್ ತೋರಿಸುವುದೇ ಇಲ್ಲ.

ಮೊದಲ ವಾರ ಮಗ ಮಾತು ಬಿಟ್ಟಿದ್ದ. "ಯವ್ವಾ, ಫೋನ್ ಕಸಗೊಂಡಂಗೇ ಆತಲ್ಲ" ಅಂದ. ಈಗ 9 ಆದರೆ ತಾನೇ ತಂದು ಹೊಲಿಗೆ ಮಷೀನಿನ ಮೇಲೆ ಇಟ್ಟು ಹೋಗುತ್ತಾನೆ. ಕ್ರಿಕೆಟ್ ಇದ್ದ ದಿನ ಇನ್ನೊಂದು ಹದಿನೈದು ನಿಮಿಷ ಕೊಡು ಅಂತಾನೆ. ನನ್ನ ಫೋನಿನಿಂದಲೇ ಕೊಡುತ್ತೇನೆ.

ವಿರೋಧ: ಬೀಗ ಹಾಕಿದರೆ ಮುಗಿಯಿತೇ?
(ಒಬ್ಬ ಹೈಸ್ಕೂಲ್ ಶಿಕ್ಷಕ, ಜಮಖಂಡಿ)

ಬೀಗ ಬೇಡ ಅನ್ನುವ ಕಡೆಯಿಂದ ಬರೆಯಿರಿ ಎಂದು ನನ್ನನ್ನು ಕೇಳಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮಗಳ ಫೋನಿನಲ್ಲೂ ರಾತ್ರಿ ಲಾಕ್ ಇದೆ. ಆದರೆ ಲಾಕ್ ಹಾಕಿದೆವು, ಇನ್ನು ಚಿಂತೆ ಇಲ್ಲ ಅಂತ ಕೂರುವುದನ್ನು ನಾನು ಒಪ್ಪುವುದಿಲ್ಲ. ದುಡ್ಡು ಹೋಗುತ್ತದೆ ಅನ್ನುವ ಭಯ ದೊಡ್ಡದೇನಲ್ಲ, ಕಾರ್ಡ್ ತೆಗೆದಿಟ್ಟರೆ ಆಯಿತು.

ನಮ್ಮ ಕಡೆ ಮನೆಯಲ್ಲಿ ಒಂದೇ ಫೋನ್ ಎಲ್ಲಿರುತ್ತದೆ? ಹುಡುಗನದು ಲಾಕ್ ಆದರೆ ಕಾಕಾನದು ಇದೆ, ಅಜ್ಜನದು ಇದೆ. ಅಜ್ಜನ ಫೋನಿಗೆ ಪಾಸ್‌ವರ್ಡ್ ಹಾಕಿಕೊಟ್ಟವನೇ ಮೊಮ್ಮಗ. ಎಂಟನೇ ತರಗತಿಯ ಒಬ್ಬ ಹುಡುಗ ನನಗೆ ಹೇಳಿದ, "ಸರ್, ಅಪ್ಪನ ಫೋನಿನ್ಯಾಗ ಲಾಕ್ ಮಾಡೋ ಆ್ಯಪ್ ನಾನೇ ಹಾಕಿಕೊಟ್ಟೇನ್ರಿ." ಕಬ್ಬಿನ ಹಂಗಾಮಿನಲ್ಲಿ ಹಗಲು ರಾತ್ರಿ ದುಡಿಯುವ ಅಪ್ಪನಿಗೆ ಇದನ್ನೆಲ್ಲ ಕಲಿಯಲು ಪುರಸೊತ್ತು ಎಲ್ಲಿದೆ? ಹಾಗಾಗಿ ಬೀಗದ ಕೈ ಹುಡುಗನ ಹತ್ತಿರವೇ ಉಳಿಯಿತು.

ಇನ್ನೊಂದು ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ. ನನ್ನ ತರಗತಿಯ ಒಬ್ಬ ಹುಡುಗಿಯ ಅಪ್ಪ ಅವಳ ಫೋನ್ ಎಲ್ಲಿದೆ ಅಂತ ದಿನಾ ಮ್ಯಾಪಿನಲ್ಲಿ ನೋಡುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ನಿಮಿಷ ಯಾಕೆ ನಿಂತಿದ್ದೆ ಅಂತ ಕೇಳುತ್ತಿದ್ದರು. ಕೊನೆಗೆ ಅವಳು ಫೋನನ್ನು ಗೆಳತಿಯ ಮನೆಯಲ್ಲಿಟ್ಟು ಹೋಗಲು ಶುರು ಮಾಡಿದಳು. ಅಪ್ಪನ ಮ್ಯಾಪಿನಲ್ಲಿ ಮಗಳು ಗೆಳತಿಯ ಮನೆಯಲ್ಲಿ ಓದುತ್ತಿದ್ದಳು. ನಿಜಕ್ಕೂ ಅವಳು ಇದ್ದದ್ದು ಮೈದಾನದಲ್ಲಿ, ಖೋ ಖೋ ಆಡುತ್ತಾ. ಒಂದು ಸಂಜೆ ಬಿದ್ದು ಮೊಣಕಾಲು ಒಡೆದುಕೊಂಡಳು. ಮನೆಗೆ ತಿಳಿಸಲು ಅವಳ ಹತ್ತಿರ ಫೋನೇ ಇರಲಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ಬೆನ್ನು ಹತ್ತಿ ನಿಗಾ ಇಡಬೇಡಿ ಎಂದು ಕಂಪನಿಗಳಿಗೆ ಹೇಳುತ್ತದೆ. ಅದು ಅಪ್ಪ-ಅಮ್ಮನಿಗೆ ಹೇಳಿದ್ದಲ್ಲ, ನಿಜ. ಆದರೂ ಆ ಹುಡುಗಿಯ ಮುಖ ನೆನಪಾದಾಗ ಮನೆಗೂ ಅದೇ ಮಾತು ಸರಿ ಅನ್ನಿಸುತ್ತದೆ.

ಆ ಸಂಜೆಯೇ ನನ್ನ ಮಗಳ ಫೋನಿನ ಮ್ಯಾಪ್ ಆಫ್ ಮಾಡಿದೆ, ಅವಳ ಎದುರಿಗೇ. ರಾತ್ರಿಯ ಲಾಕ್ ಇನ್ನೂ ತೆಗೆದಿಲ್ಲ.