ಹೆವಿ ಮೆಟಲ್ ಮತ್ತು ಸೈತಾನ: ಒಂದು ಸ್ಪಷ್ಟನೆ

ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ತಗ್ಗಿದ, ಭಾರವಾದ ನಾದವನ್ನು ಸೈತಾನನ ಆರಾಧನೆಗೆಂದೇ ರೂಪಿಸಲಾಗಿದೆ, ತೋರುಬೆರಳು ಮತ್ತು ಕಿರುಬೆರಳು ಎತ್ತುವುದು ಅವನಿಗೆ ಸಲ್ಲಿಸುವ ವಂದನೆ ಎಂಬ ಸಂದೇಶ ಮಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಎರಡೂ ತಪ್ಪು.

ಆ ನಾದದ ಹಿಂದಿರುವುದು ಒಂದು ಅಪಘಾತ. 1965ರಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ 17ರ ಹರೆಯದ ಗಿಟಾರ್ ವಾದಕ ಟೋನಿ ಐಯೋಮಿಯ ಬಲಗೈಯ ಎರಡು ಬೆರಳ ತುದಿಗಳು ಯಂತ್ರಕ್ಕೆ ಸಿಕ್ಕಿ ತುಂಡಾದವು. ಎಡಗೈಯಲ್ಲಿ ಮೀಟುವ ಅವರಿಗೆ ತಂತಿ ಒತ್ತಲು ಬೇಕಾಗಿದ್ದುದು ಅದೇ ಬಲಗೈ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತೆಳುವಾದ ತಂತಿ ಕಟ್ಟಿದರು. ಹೆವಿ ಮೆಟಲ್‌ಗೆ ನಾಂದಿ ಹಾಡಿದ ತಮ್ಮ ತಂಡ ಬ್ಲ್ಯಾಕ್ ಸಬ್ಬತ್‌ನ 1971ರ ಆಲ್ಬಮ್‌ನಲ್ಲಿ ತಂತಿ ಸಡಿಲಿಸಿ ಶ್ರುತಿಯನ್ನೇ ಇಳಿಸಿದರು. ಅವರ ಬೆರಳಿಗೆ ಆರಾಮ, ನನ್ನಂಥವರ ಕಿವಿಗೆ ಸ್ವರ್ಗ!

ಬೆರಳ ಮುದ್ರೆಯನ್ನು ಜನಪ್ರಿಯಗೊಳಿಸಿದವರು ಗಾಯಕ ರೋನಿ ಜೇಮ್ಸ್ ಡಿಯೊ. ಇಟಲಿ ಮೂಲದ ಅಜ್ಜಿ ಕೆಟ್ಟ ದೃಷ್ಟಿ ತಾಗದಿರಲೆಂದು ಹಾಗೆ ಮಾಡುತ್ತಿದ್ದರೆಂದು ಅವರೇ ಹೇಳಿದ್ದಾರೆ. ಕಟ್ಟುತ್ತಿರುವ ಮನೆಯೆದುರು ಬೆರ್ಚಪ್ಪ ನಿಲ್ಲಿಸುವ ಊರಿನವರಿಗೆ ಇದು ಅರ್ಥವಾಗದೇ?

ಸೈತಾನನನ್ನು ಹೊಗಳಿದ ತಂಡಗಳೇ ಇಲ್ಲವೆಂದಲ್ಲ. ನಾರ್ವೆಯ ಬ್ಲ್ಯಾಕ್ ಮೆಟಲ್‌ನಲ್ಲಿ ಸಿಗುತ್ತವೆ. ಅದು ಒಂದು ಕವಲು ಮಾತ್ರ. ಇನ್ನು ಹಾಡಿನೊಳಗೆ ಗುಪ್ತ ಸಂದೇಶವಿದೆಯೆಂದು ಜೂಡಾಸ್ ಪ್ರೀಸ್ಟ್ ವಿರುದ್ಧ ಅಮೆರಿಕದ ನೆವಾಡಾದಲ್ಲಿ ಹೂಡಿದ್ದ ಮೊಕದ್ದಮೆ 1990ರಲ್ಲಿ ಬ್ಯಾಂಡ್‌ನ ಪರವಾಗಿಯೇ ಮುಗಿಯಿತು.