ಸರ್ಕಾರದ ದುಡ್ಡಂತೆ, ಚಿಂತೆ ಇಲ್ವಂತೆ!

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ನಮ್ಮ ಬಳಗದ ಹುಡುಗಿಯೊಬ್ಬಳಿಗೆ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಖುಷಿಯಿಂದ ವಾಟ್ಸಾಪ್ ಗುಂಪಿನಲ್ಲಿ ಹಾಕಿಕೊಂಡಿದ್ದಳು. ಅದರ ಕೆಳಗೆ ಹಿರಿಯರೊಬ್ಬರ ಆಶೀರ್ವಾದ: "ಏರೋಸ್ಪೇಸ್ ಅಲ್ವಾ, ಸರ್ಕಾರದ ದುಡ್ಡು. ಇನ್ನು ರಿಟೈರ್ ಆಗೋವರೆಗೂ ಚಿಂತೆ ಇಲ್ಲ ಬಿಡು." ಅದಕ್ಕೆ ಹದಿನೇಳು ಹೆಬ್ಬೆರಳು!

ನನ್ನ ಕಥೆ ಗೊತ್ತಿರುವವರು ಈಗಾಗಲೇ ನಗುತ್ತಿರಬಹುದು. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ರೆಕ್ಕೆ ಎಲ್ಲಿ ಬಿರುಕು ಬಿಡುತ್ತದೆ ಅಂತ ಲೆಕ್ಕ ಹಾಕುವುದೇ ನನ್ನ ಅನ್ನ. ಕೆಲಸ ಎಲ್ಲಿ ಬಿರುಕು ಬಿಡುತ್ತದೆ ಅನ್ನುವುದು ಮಾತ್ರ ಒಂದು ಸಲವೂ ಮೊದಲೇ ಗೊತ್ತಾಗಲಿಲ್ಲ.

ಒಂದು ವಿಮಾನ ಕಾಗದದಿಂದ ಆಕಾಶಕ್ಕೆ ಏರಲು ಹತ್ತು, ಹದಿನೈದು ವರ್ಷ ಬೇಕು. ದುಡ್ಡು ಮಂಜೂರಾಗುವುದು ವರ್ಷ ವರ್ಷಕ್ಕೆ. ನಡುವೆ ಮೂರು ಚುನಾವಣೆ. ಶುರು ಮಾಡಿದವರು ಒಬ್ಬರು, ಬೈದುಕೊಂಡು ಮುಂದುವರಿಸಿದವರು ಇನ್ನೊಬ್ಬರು, ನಿಲ್ಲಿಸಿ ಚಪ್ಪಾಳೆ ಗಿಟ್ಟಿಸಿದವರು ಮತ್ತೊಬ್ಬರು. ಭದ್ರ ಅಂತೆ ಭದ್ರ.

ಕೆನಡಾದ ಆವ್ರೋ ಆರೋ ಕಥೆ ಕೇಳಿ. 1958ರ ಮಾರ್ಚ್‌ನಲ್ಲಿ ಮೊದಲ ಸಲ ಹಾರಿದ ಯುದ್ಧವಿಮಾನ. ಪರೀಕ್ಷೆಯಲ್ಲಿ ಶಬ್ದದ ವೇಗದ ದುಪ್ಪಟ್ಟಿನ ಹತ್ತಿರಕ್ಕೆ ಹೋಗಿತ್ತು. 1959ರ ಫೆಬ್ರುವರಿ 20, ಶುಕ್ರವಾರ, ಪ್ರಧಾನಿ ಡೀಫೆನ್‌ಬೇಕರ್ ಸಂಸತ್ತಿನಲ್ಲಿ ಎದ್ದು ನಿಂತು ಯೋಜನೆ ರದ್ದು ಅಂದರು. ಕಾರ್ಖಾನೆಯ ಧ್ವನಿವರ್ಧಕದಲ್ಲಿ ಅದೇ ದಿನ ಸುದ್ದಿ ಬಂತು. 14,000ಕ್ಕೂ ಹೆಚ್ಚು ಜನ ಮನೆಗೆ. ಆಮೇಲೆ ಆ ವಿಮಾನಗಳನ್ನೂ ಕತ್ತರಿಸಿ ಗುಜರಿಗೆ ಹಾಕಿದರು. ಅಲ್ಲಿಂದ ಹೊರಬಿದ್ದ ಎಂಜಿನಿಯರುಗಳಲ್ಲಿ ಒಂದಷ್ಟು ಜನರನ್ನು ನಾಸಾ ಕರೆದುಕೊಂಡಿತು. ಜಿಮ್ ಚೇಂಬರ್ಲಿನ್ ಇಬ್ಬರು ಕೂರುವ ಜೆಮಿನಿ ಬಾಹ್ಯಾಕಾಶ ನೌಕೆ ಕಟ್ಟಿದರು, ಓವನ್ ಮೇನಾರ್ಡ್ ಚಂದ್ರನ ಮೇಲಿಳಿಯುವ ನೌಕೆಯ ಕೆಲಸದಲ್ಲಿದ್ದರು. ಕೆನಡಾ ಬೆಳೆಸಿದ್ದು, ಅಮೆರಿಕ ಉಂಡಿದ್ದು.

ಅಮೆರಿಕವಾದರೂ ಸುಖವಾಗಿತ್ತಾ? ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ಅಪೋಲೋ ಯೋಜನೆಗೆ ದುಡಿದವರು ಹೆಚ್ಚುಕಡಿಮೆ 4 ಲಕ್ಷ ಜನ. ನಾಸಾದ ಬಜೆಟ್ 1966ರಲ್ಲೇ ತುದಿ ಮುಟ್ಟಿ ಇಳಿಯತೊಡಗಿತು. 1969ರ ಜುಲೈನಲ್ಲಿ ಇಡೀ ಲೋಕ ಟೀವಿ ಮುಂದೆ ಕೂತು ಬಾಯಿ ಬಿಡುತ್ತಿದ್ದಾಗ, ಆ ರಾಕೆಟ್ ಕಟ್ಟಿದ ಸಾವಿರಾರು ಜನರ ಕೆಲಸ ಆಗಲೇ ಹೋಗಿತ್ತು! ತಾವು ಮಾಡಿದ ಯಂತ್ರ ಚಂದ್ರನ ಮೇಲಿಳಿಯುವುದನ್ನು ನಿರುದ್ಯೋಗಿಗಳಾಗಿ ಮನೆಯಲ್ಲಿ ಕೂತು ನೋಡಿದವರು ಇದ್ದಾರೆ. ಅವರ ಮನಸ್ಸಲ್ಲಿ ಏನಿತ್ತೋ.

ಹಳೇ ಕಾಲದ ಮಾತು ಅಂತೀರಾ? 2024ರ ಫೆಬ್ರುವರಿ. ಮಂಗಳನ ಮೇಲೆ ಗಾಡಿ ಓಡಿಸುವ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬ್. ಮಂಗಳದ ಮಣ್ಣು ತರುವ ಯೋಜನೆಗೆ ಎಷ್ಟು ದುಡ್ಡು ಅಂತ ಅಮೆರಿಕದ ಸಂಸತ್ತು ಇನ್ನೂ ತೀರ್ಮಾನಿಸಿಯೇ ಇರಲಿಲ್ಲ. ತೀರ್ಮಾನಕ್ಕೆ ಕಾಯುತ್ತಲೇ ಸುಮಾರು 530 ಜನರನ್ನು ತೆಗೆದರು. ಆ ದಿನ ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಅಂದಿದ್ದರು. ಯಾಕೆ ಅಂತ ಇಮೇಲ್ ತೆರೆದಾಗ ಗೊತ್ತಾಯಿತು.

ಇದರಲ್ಲಿ ನನಗೆ ಜಾಸ್ತಿ ಉರಿಯುವುದು ಉಳಿತಾಯದ ನಾಟಕ. ಈ ವರ್ಷ ದುಡ್ಡು ಅರ್ಧ ಕೊಡುತ್ತಾರೆ. ವಿಮಾನ ನಿಲ್ಲಿಸುವ ಹ್ಯಾಂಗರ್, ಬಿಡಿಭಾಗ ಪರೀಕ್ಷಿಸುವ ಟೆಸ್ಟ್ ರಿಗ್, ಜನರ ಸಂಬಳ ಇವು ಅರ್ಧ ಆಗುತ್ತವಾ? ಕೆಲಸ ಮಾತ್ರ ಮುಂದಕ್ಕೆ ಹೋಗುತ್ತದೆ, ಒಟ್ಟು ಖರ್ಚು ಏರುತ್ತದೆ. ಎರಡು ವರ್ಷ ಬಿಟ್ಟು ಅದೇ ಏರಿದ ಖರ್ಚನ್ನು ಎತ್ತಿ ಹಿಡಿದು, ನೋಡಿ ಎಂಥಾ ದುಂದು ಅಂತ ಬಾಗಿಲು ಮುಚ್ಚುತ್ತಾರೆ. ಕಾಲು ಮುರಿದು ಕುಂಟ ಅನ್ನುವುದು ಅಂದರೆ ಇದೇ.

ಸರಿ, ಕಾಮೆಂಟಿಗೆ ಬರುವ ಮೊದಲೇ ಹೇಳಿಬಿಡುತ್ತೇನೆ. ಜನರ ತೆರಿಗೆ ದುಡ್ಡು, ಲೆಕ್ಕ ಕೇಳಬಾರದಾ? ಕೇಳಿ ಮಾರಾಯ್ರೆ. ಕೆಟ್ಟ ಯೋಜನೆ ನಿಲ್ಲಿಸಬಾರದಾ? ನಿಲ್ಲಿಸಿ. ಎಂದೂ ಹಾರದ ಡ್ರಾಯಿಂಗ್‌ಗಳಿಗೆ ನಾನೇ ಸಹಿ ಹಾಕಿದ್ದೇನೆ, ಅವು ನಿಂತಿದ್ದಕ್ಕೆ ಅತ್ತಿಲ್ಲ. ಆದರೆ ನಿಲ್ಲಿಸುವ ಮುಂಚೆ ಎಂಜಿನಿಯರನ್ನು ಕೇಳಿದ್ದು ನಾನು ಕಂಡಿಲ್ಲ. ಕೇಳುವುದು ಕ್ಯಾಲೆಂಡರನ್ನು. ವರ್ಷದ ಲೆಕ್ಕ ಮುಗಿಯುವ ತಿಂಗಳು ಬಂತಾ? ಹಾಗಾದರೆ ನಿಲ್ಲಿಸಿ.

ಜನ ಹೋದರೆ ಏನು, ಡ್ರಾಯಿಂಗ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಚಂದ್ರನಿಗೆ ಕಳಿಸಿದ ಸ್ಯಾಟರ್ನ್ ರಾಕೆಟ್ಟಿನ ಎಫ್-1 ಎಂಜಿನ್ ಇದೆಯಲ್ಲ, ಅದನ್ನು ಅರಿಯಲು ನಾಸಾದ ಹುಡುಗರು ಸುಮಾರು 2012ರಲ್ಲಿ ಹಳೇ ಎಂಜಿನ್‌ಗಳನ್ನೇ ಬಿಚ್ಚಿ ನೋಡಬೇಕಾಯಿತು. ಕಾಗದ ಇತ್ತು. ವೆಲ್ಡರ್ ಕೈಚಳಕ ಕಾಗದದಲ್ಲಿ ಇರಲಿಲ್ಲ.

ಈಗ ಇದುವರೆಗೆ ಇಲ್ಲಿ ಬರೆಯದ ಒಂದು ವಿಷಯ. ನಮ್ಮ ಶಾಪ್‌ನಲ್ಲಿ ಒಬ್ಬರಿದ್ದರು. ಪದರ ಪದರವಾಗಿ ಅಂಟಿಸಿ ಮಾಡಿದ ಕಾಂಪೊಸಿಟ್ ಪ್ಯಾನೆಲ್ ಮೇಲೆ ನಾಣ್ಯದಲ್ಲಿ ಟಿಕ್ ಟಿಕ್ ಅಂತ ತಟ್ಟಿಕೊಂಡು ಹೋಗುತ್ತಿದ್ದರು. ಪದರ ಗಟ್ಟಿಯಾಗಿ ಅಂಟಿದ್ದರೆ ಸದ್ದು ಕಣ್ ಅನ್ನುತ್ತದೆ, ಒಳಗೆ ಬಿಟ್ಟಿದ್ದರೆ ಮಂಕಾಗಿ ಬೊದ್ ಅನ್ನುತ್ತದೆ. ಅನುಮಾನ ಬಂದಲ್ಲಿ ಸೀಸಕಡ್ಡಿಯಿಂದ ಸುತ್ತು ಹಾಕುತ್ತಿದ್ದರು. ಆಮೇಲೆ ಅಲ್ಟ್ರಾಸೌಂಡ್ ಹಿಡಿದು ನೋಡಿದರೆ ಬಹುತೇಕ ಆ ಸುತ್ತಿನೊಳಗೇ ದೋಷ. ನಮ್ಮ ಯೋಜನೆ ಏಳನೇ ವರ್ಷದಲ್ಲಿ ನಿಂತಿತು. ಕೆಲಸದಿಂದ ತೆಗೆಯಲು ಪ್ರತಿ ತಂಡದ ಲೀಡ್ ಎರಡು ಹೆಸರು ಕೊಡಿ ಅಂತ ಬಂತು, ನಾನೂ ಒಬ್ಬ ಲೀಡ್. ಅವರು ಗುತ್ತಿಗೆಯವರು, ಪೆನ್ಷನ್ ಇಲ್ಲ, ಯೂನಿಯನ್ ಇಲ್ಲ. ನನಗೆ ಸುಲಭ ಅನ್ನಿಸಿತು. ಅವರ ಹೆಸರು ಬರೆದೆ. ಹದಿನಾಲ್ಕು ತಿಂಗಳ ನಂತರ ಅದೇ ಯೋಜನೆ ಬೇರೆ ಹೆಸರಲ್ಲಿ, ಬೇರೆ ಮಂತ್ರಿಯ ಫೋಟೋ ಹೊತ್ತು ವಾಪಸ್ ಬಂತು. ಫೋನ್ ಮಾಡಿದೆ. ಅವರು ಎತ್ತಲಿಲ್ಲ. ಎತ್ತಿದ್ದರೆ ಏನು ಹೇಳುತ್ತಿದ್ದೆನೋ ಅದೂ ಗೊತ್ತಿಲ್ಲ.

ಹೋಗಲಿ. ಗುಂಪಿನಲ್ಲಿ ಹಿರಿಯರ ಜೊತೆ ಜಗಳ ಆಡಲಿಲ್ಲ, ಹುಡುಗಿಗೆ ಪ್ರತ್ಯೇಕವಾಗಿ ಬರೆದೆ. ಸೇರಿಕೋ, ಖುಷಿಯಾಗಿ ಸೇರಿಕೋ, ಇಂಥ ಕೆಲಸ ಬೇರೆ ಇಲ್ಲ. ಆದರೆ ಪ್ರಾಜೆಕ್ಟ್ ಗಟ್ಟಿಯಾ ಅಂತ ಎಚ್‌ಆರ್‌ನವರನ್ನು ಕೇಳಬೇಡ, ಬಾಸನ್ನೂ ಬೇಡ. ಪರ್ಚೇಸ್ ವಿಭಾಗದಲ್ಲಿ ಒಬ್ಬರನ್ನು ಸ್ನೇಹ ಮಾಡಿಕೋ. ಬರಲು ಎರಡು ವರ್ಷ ಹಿಡಿಯುವ ದೊಡ್ಡ ಫೋರ್ಜಿಂಗ್‌ಗಳಿಗೆ, ಅಂದರೆ ಲೋಹವನ್ನು ಒತ್ತಿ ಬಡಿದು ಮಾಡುವ ಭಾಗಗಳಿಗೆ, ಆರ್ಡರ್ ಹೋಯಿತಾ ಅಂತ ಸುಮ್ನೆ ವಿಚಾರಿಸುತ್ತಿರು. ಹೋಗಿಲ್ಲ ಅಂದರೆ ಅವತ್ತು ರಾತ್ರಿಯೇ ಕೂತು ರೆಸ್ಯೂಮೆ ಸರಿ ಮಾಡಿಕೋ.