ಬರಹಗಾರರು ಸಮ್ಮೇಳನಕ್ಕೆ, ಪ್ರಶಸ್ತಿ ಸಮಾರಂಭಕ್ಕೆ ಹೋಗಬೇಕೇ?

ಪರ: ಓದುವವರ ಮುಖ ನೋಡಬೇಕಾದರೆ ಹೋಗಲೇಬೇಕು

ಹೊಸದಾಗಿ ಬರೆಯುತ್ತಿರುವ ಯಾರೇ ಕೇಳಿದರೂ ನಾನು ಹೇಳುವುದು ಒಂದೇ ಮಾತು. ಹೋಗಿ. ಆಹ್ವಾನ ಪತ್ರಿಕೆಯಲ್ಲಿ ಹೆಸರಿಲ್ಲದಿದ್ದರೂ ಹೋಗಿ, ಬಸ್ಸಿನಲ್ಲಿ ನಿಂತುಕೊಂಡಾದರೂ ಹೋಗಿ.

ಮೊದಲ ಸಾಹಿತ್ಯ ಸಮ್ಮೇಳನ ನಡೆದದ್ದು 1915ರಲ್ಲಿ, ಬೆಂಗಳೂರಿನಲ್ಲಿ, ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ. ಆಗ ಕನ್ನಡದವರು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಅಂತ ಹರಿದು ಹಂಚಿಹೋಗಿದ್ದರು. ಎಲ್ಲರೂ ಒಂದು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅದಕ್ಕೆ 40 ವರ್ಷ ಮೊದಲೇ ಬರೆಯುವವರು ಒಂದೇ ಚಪ್ಪರದ ಕೆಳಗೆ ಕೂತಿದ್ದರು. ಅಂಥ ಜಾಗವನ್ನು ಧೂಳು, ಗದ್ದಲ, ಊಟದ ಕ್ಯೂ ಅಂತ ತಳ್ಳಿಹಾಕುವವರು ಪುಸ್ತಕ ಮಳಿಗೆಗಳ ಕಡೆ ತಲೆ ಹಾಕಿಯೇ ಇರುವುದಿಲ್ಲ.

ಮಳಿಗೆಯೇ ನನ್ನ ಪಾಲಿಗೆ ಸಮ್ಮೇಳನ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನನ್ನ ಪ್ರಕಾಶಕರ ಮಳಿಗೆಯಲ್ಲಿ ಕೂತಿದ್ದೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಒಬ್ಬರು ಹೆಂಡತಿಯ ಜೊತೆ ಬಂದರು. ನನ್ನ ಕಥಾಸಂಕಲನ ಎತ್ತಿಕೊಂಡು, ಬೆನ್ನುಪುಟ ಬಿಟ್ಟು, ನೇರವಾಗಿ ನಡುವಿನ ಒಂದು ಕಥೆ ತೆಗೆದರು. ನಿಂತಲ್ಲೇ ಹೆಂಡತಿಗೆ ಕೇಳುವಂತೆ ಗಟ್ಟಿಯಾಗಿ ಓದಿದರು. ಅಣ್ಣ ಹೊಲವನ್ನೆಲ್ಲ ತನ್ನ ಹೆಸರಿಗೆ ಬರೆಸಿಕೊಂಡಾಗ ತಂಗಿ ಬಾಯಿ ಬಿಡದೆ ಹೆಬ್ಬೆಟ್ಟು ಒತ್ತುವ ಭಾಗ ಅದು. ಆಕೆ ಪಟ್ಟನೆ ಕೇಳಿದರು: ‘ಇಷ್ಟಾದ್ರೂ ಸುಮ್ನ ಕುಂತಾಳೇನು? ಯಾಕ?’ ಬರೆದವನು ನಾನೇ ಅಂತ ಅವರಿಗೆ ಗೊತ್ತಿರಲಿಲ್ಲ. ಗಂಡ ಏನೋ ಸಮಜಾಯಿಷಿ ಹೇಳಿದರು, ಆಕೆ ಒಪ್ಪಲಿಲ್ಲ. ಇಬ್ಬರೂ ಜಗಳ ಆಡುತ್ತಲೇ ಪುಸ್ತಕ ಕೊಂಡುಕೊಂಡು ಹೋದರು. ನನ್ನ ಮುಂದಿನ ಕಥೆ ಹುಟ್ಟಿದ್ದು ಆ ‘ಯಾಕ’ದಿಂದ. ಅದರಲ್ಲಿ ತಂಗಿ ಸುಮ್ಮನಿರುವುದಿಲ್ಲ.

ಯಾವ ವಿಮರ್ಶಕರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಫೋನಿನಲ್ಲಿ ಬರುವ ‘ಚೆನ್ನಾಗಿದೆ ಸರ್’ಗೂ ಇದಕ್ಕೂ ಹೋಲಿಕೆಯೇ ಇಲ್ಲ. ನಮ್ಮ ಪುಸ್ತಕಗಳು ಎಷ್ಟೋ ಸಲ 500 ಪ್ರತಿ ಅಚ್ಚಾಗುತ್ತವೆ. ಅದರಲ್ಲಿ ಒಂದನ್ನು ಯಾರೋ ದುಡ್ಡು ಕೊಟ್ಟು ಒಯ್ಯುವುದನ್ನು ಕಣ್ಣಾರೆ ನೋಡಬೇಕು. ಅದಕ್ಕೋಸ್ಕರವೇ ಹೋಗಬೇಕು.

ಪ್ರಶಸ್ತಿ ಸಮಾರಂಭಕ್ಕೂ ಹೋಗಬೇಕು. ಪುಸ್ತಕದ ಹಿಂದೆ ದುಡಿದವರು ಬೆಳಕಿಗೆ ಬರುವ ಅಪರೂಪದ ಹೊತ್ತು ಅದು. 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅನುವಾದಕಿ ದೀಪಾ ಭಾಸ್ತಿಯೂ ವೇದಿಕೆ ಮೇಲಿದ್ದರು. 50,000 ಪೌಂಡಿನ ಬಹುಮಾನದಲ್ಲಿ ಇಬ್ಬರಿಗೂ ಸಮಪಾಲು. ಅನುವಾದ ಮಾಡುವವರಿಗೆ ಅದನ್ನು ನೋಡಿ ಎಷ್ಟು ಧೈರ್ಯ ಬಂದಿರಬೇಕು, ಅಲ್ವಾ?

ವಿರೋಧ: ಆ ಮೂರು ದಿನ ಬರೆಯಬಹುದು

ಈ ಕಡೆಯ ವಾದ ನನ್ನ ಪಾಲಿಗೆ ಬಂದಿದೆ. ಪೂರ್ತಿ ವಿರೋಧಿ ನಾನಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಮ್ಮೇಳನಕ್ಕೆ ನಾನೂ ಹೋಗಿದ್ದೆ, ಚೀಲ ತುಂಬ ಪುಸ್ತಕ ತಂದಿದ್ದೆ. ಆದರೆ ಓದುಗಳಾಗಿ ಹೋಗುವುದು ಬೇರೆ, ಬರಹಗಾರ್ತಿಯಾಗಿ ಹೋಗುವುದು ಬೇರೆ.

ವೇದಿಕೆ ಮೇಲೆ ಯಾರಿರುತ್ತಾರೆ ನೋಡಿ. ಮಂಡ್ಯದವರೆಗೆ ನಡೆದ 87 ಸಮ್ಮೇಳನಗಳಲ್ಲಿ ಅಧ್ಯಕ್ಷರಾದ ಮಹಿಳೆಯರು ನಾಲ್ವರೇ: ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. ಮೊದಲನೆಯವರು ಆ ಪೀಠದಲ್ಲಿ ಕೂತದ್ದೇ 1974ರಲ್ಲಿ. ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯದ ಗೋಷ್ಠಿಗೆ ಜಾಗ ಕೊಡದೆ ಹೋದದ್ದಕ್ಕೇ 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಹೊಸ ದಾರಿ ಹುಟ್ಟಿದ್ದು ಹೋಗದೆ ಉಳಿದವರಿಂದ.

ಕವಿಗೋಷ್ಠಿಯ ಪಾಡಂತೂ ಹೇಳುವುದೇ ಬೇಡ. ಕವಿ ಎರಡನೇ ಪದ್ಯಕ್ಕೆ ಬರುವ ಹೊತ್ತಿಗೆ ನಿರೂಪಕರು ಚೀಟಿ ಹಿಡಿದು ಪಕ್ಕದಲ್ಲಿ ನಿಂತಿರುತ್ತಾರೆ. ಕೆಳಗೆ ಕೂತವರಲ್ಲಿ ಎಷ್ಟೋ ಜನ ಓಓಡಿ ಪತ್ರಕ್ಕೆ, ಅಂದರೆ ಬಂದ ದಿನಗಳನ್ನು ಕೆಲಸದ ದಿನ ಅಂತಲೇ ಲೆಕ್ಕಕ್ಕೆ ಹಿಡಿಸುವ ಹಾಜರಾತಿ ಪತ್ರಕ್ಕೆ, ಕಾಯುತ್ತಿರುತ್ತಾರೆ.

ಪ್ರಶಸ್ತಿಯ ಅನುಭವವನ್ನೂ ಹೇಳಿಬಿಡುತ್ತೇನೆ. ಒಂದು ಸಂಸ್ಥೆ ನನ್ನ ಕವನ ಸಂಕಲನಕ್ಕೆ ಬಹುಮಾನ ಕೊಟ್ಟಿತ್ತು. ಸಂಜೆ ಐದಕ್ಕೆ ಅಂತ ಕರೆದರು. ಅತಿಥಿಗಳು ಬಂದದ್ದು ಏಳೂವರೆಗೆ. ಅವರಿಗೆ ಇನ್ನೊಂದು ಕಾರ್ಯಕ್ರಮ ಇತ್ತಂತೆ, ನಮ್ಮನ್ನೆಲ್ಲ ಒಟ್ಟಿಗೆ ಸಾಲಾಗಿ ನಿಲ್ಲಿಸಿ ಶಾಲು ಹೊದಿಸಿದರು. ನಿರೂಪಕರು ನನ್ನ ಹೆಸರಿನ ಜೊತೆ ಬೇರೆಯವರ ಪುಸ್ತಕದ ಹೆಸರು ಓದಿದರು. ಮೈಕ್ ಕೇಳಿದೆ. ಸಮಯ ಇಲ್ಲ ಮೇಡಂ ಅಂದರು. ಒಂದು ಸಾಲು ಕವಿತೆಯನ್ನೂ ಓದದೆ ಫಲಕ ಹಿಡಿದುಕೊಂಡು ರಾತ್ರಿ ಬಸ್ ಹತ್ತಿದೆ. ಆ ಬೇಸರ ಇವತ್ತಿಗೂ ಹೋಗಿಲ್ಲ.

ಓದುಗರು ಸಿಗುತ್ತಾರೆ ಅಂತಾರೆ. ಸೆಲ್ಫಿ ತೆಗೆದುಕೊಳ್ಳುವವರೂ ಸಿಗುತ್ತಾರೆ, ಅವರೇ ಜಾಸ್ತಿ.

ಕೆಲಸ, ಮನೆ, ಮಕ್ಕಳ ನಡುವೆ ಬರೆಯುವವರಿಗೆ ಒಟ್ಟಿಗೆ ಮೂರು ದಿನ ಬಿಡುವು ಸಿಗುವುದೇ ಕಷ್ಟ. ಸಿಕ್ಕರೆ ಅರ್ಧಕ್ಕೆ ನಿಂತ ಬರಹ ಮುಗಿಸಲಿ. ಪುಸ್ತಕ ಬೇಕೆಂದರೆ ಕೊನೇ ದಿನ ಮಧ್ಯಾಹ್ನ ಮಳಿಗೆಗೆ ಹೋಗಿ ಬರಬಹುದು. ಮಳಿಗೆಯವರು ಗಂಟು ಕಟ್ಟುವ ಹೊತ್ತಾಗಿರುತ್ತದೆ, ಕೇಳಿದರೆ ರಿಯಾಯಿತಿಯನ್ನೂ ಕೊಡುತ್ತಾರೆ.